‘ತುಕ್ಕು’ ಬ್ಯಾಂಡಿಗೊಂದು ಕಿವಿ

ಶಾಮಣ್ಣನವರ ಕಿವಿ ಕೈಕೊಟ್ಟದ್ದೇ ಎಲ್ಲಕ್ಕೂ ಮೂಲ.

ದೇವರಾಜ ಮೊಹಲ್ಲಾದಲ್ಲಿ ಕಾಫಿಪುಡಿ ಅಂಗಡಿ ಇಟ್ಟಿರುವ ಶಾಮಣ್ಣನವರ ಕಿವಿಗೂ ರಾಕ್ ಸಂಗೀತಕ್ಕೂ ಎಲ್ಲಿಯ ನಂಟು ಎಂದು ನೀವು ಕೇಳಬಹುದು. ಹೇಳುತ್ತೇನೆ. ಮೈಸೂರಿನಲ್ಲಿ ‘ತುಕ್ಕು’ ಎಂಬ ಬ್ಯಾಂಡ್ ಇದೆ. ಮೂವತ್ತೆರಡು ವರ್ಷದಿಂದ ಇದೆ. ರಾಕ್ ಕೇಳುವವರಲ್ಲೇ ಅರ್ಧ ಜನಕ್ಕೆ ಹಿಡಿಸದ ಒಂದು ಬಗೆಯ ರಾಕ್ ಇದೆಯಲ್ಲ, ಆಲ್ಟರ್ನೇಟಿವ್ ಅನ್ನುತ್ತಾರೆ, ಅದನ್ನು ಕನ್ನಡದಲ್ಲಿ ಹಾಡಿ ಉಳಿದರ್ಧ ಜನಕ್ಕೂ ಹಿಡಿಸದಂತೆ ಮಾಡಿದ ಕೀರ್ತಿ ಇವರದು. ಗಿಟಾರಿನ ಪ್ರದ್ಯುಮ್ನ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಮೇಷ್ಟ್ರು, ಬಾಸ್ ಗಿಟಾರಿನ ಜವರಪ್ಪ ರೈಲ್ವೆ ವರ್ಕ್‌ಶಾಪಿನಲ್ಲಿ ಫೋರ್‌ಮನ್, ಹಾಡುವ ಪದ್ಮಾವತಿ ವಕೀಲೆ, ಡ್ರಮ್ಸಿನ ಅಮರ್ ಹಲ್ಲಿನ ಡಾಕ್ಟರು. ಹದಿನಾಲ್ಕು ವರ್ಷ ಸುಮ್ಮನಿದ್ದು ಈಗ ನಾಲ್ಕನೆಯ ಆಲ್ಬಮ್ ಮಾಡಿದ್ದರು. ಅದರ ಹೆಸರು ‘ವಾರಂಟಿ ಮುಗಿದಿದೆ’. ನಾಲ್ವರ ಮಂಡಿಗಳನ್ನೂ ನೋಡಿದರೆ ಹೆಸರು ಸರಿಯಾಗಿಯೇ ಇತ್ತು.

ಈ ಬ್ಯಾಂಡಿಗೊಂದು ಪದ್ಧತಿ. ಮೊದಲ ಆಲ್ಬಮ್ಮಿನ ಕಾಲದಲ್ಲಿ ಕ್ಯಾಸೆಟ್ಟಿನಲ್ಲಿ ಒಂದು ಹಾಡಿಗೆ ಜಾಗ ಸಾಲದೆ, ಯಾರ ಹಾಡು ತೆಗೆಯಬೇಕೆಂದು ಮೂರು ತಿಂಗಳು ಜಗಳವಾಡಿದ್ದರು. ಕೊನೆಗೆ ಕಾಫಿ ಬೀಜ ಹುರಿಯುತ್ತಿದ್ದ ಶಾಮಣ್ಣನವರಿಗೆ ಎಲ್ಲವನ್ನೂ ಕೇಳಿಸಿದರು. ಅವರು, “ಆರನೇದು ಕಿತ್ತಾಕಿ. ಹೊತ್ತೋದ ಬೀಜದ ಹಾಗಿದೆ,” ಅಂದರು. ಜಗಳ ಅಲ್ಲಿಗೆ ಮುಗಿಯಿತು. ಅಂದಿನಿಂದ ಅದೇ ಕಾನೂನು. ಹೊರಗಿನವರು ಯಾರಾದರೂ ಆಲ್ಬಮ್ಮನ್ನು ಪೂರ್ತಿ ಕೇಳಬೇಕು, ಒಂದು ಹಾಡು ಬೇಡ ಅನ್ನಬೇಕು, ಆ ಹಾಡು ಹೋಗಬೇಕು. ಬರೆದವರು ತುಟಿಪಿಟಕ್ ಅನ್ನಬಾರದು. ಹಾಗೆ ಕೇಳುವವರಿಗೆ ಬ್ಯಾಂಡಿನಲ್ಲಿ ‘ಕಿವಿ’ ಎಂದೇ ಹೆಸರು.

ಮೂರು ಆಲ್ಬಮ್ಮಿಗೂ ಶಾಮಣ್ಣನವರೇ ಕಿವಿ. ಈ ಸಲ ಭಾನುವಾರ ಬೆಳಿಗ್ಗೆ ಪ್ರದ್ಯುಮ್ನ ಫೋನ್ ಮಾಡಿದರೆ ಅವರು, “ಕಾಫಿಪುಡಿ ಅರ್ಧ ಕೆಜಿನಾ, ಒಂದು ಕೆಜಿನಾ?” ಎಂದು ನಾಲ್ಕು ಸಲ ಕೇಳಿದರು. ಆಮೇಲೆ ಅವರ ಮಗಳು ಫೋನ್ ಇಸಕೊಂಡು, ಅಪ್ಪನಿಗೆ ಈಗ ಎರಡು ಕಿವಿಯೂ ಮಂದ ಎಂದಳು.

ಸಂಜೆ ಆರಕ್ಕೆ ಪದ್ಮಾವತಿ ಹಾಡುಗಳನ್ನು ಆಡಿಯೋ ಕಂಪನಿಗೆ ಕಳಿಸಬೇಕಿತ್ತು. ಕಿವಿಗೆ ಹಾಡು ಕೇಳಿಸುವ ಸರದಿ ಈ ಸಲ ಪ್ರದ್ಯುಮ್ನನದು, ಹಾಗಾಗಿ ಬೇರೆ ಕಿವಿ ಹುಡುಕುವ ಕೆಲಸವೂ ಅವನ ಪಾಲಿಗೇ ಬಂತು.

ಅವನಿಗೆ ಮೊದಲು ಗಾಬರಿಯಾಯಿತು. ಹಲ್ಲುಜ್ಜುತ್ತ ಉಜ್ಜುತ್ತ ಗಾಬರಿ ಹೋಗಿ ಒಂದು ಯೋಚನೆ ಬಂತು. ಯೋಚನೆ ಒಳ್ಳೆಯದಲ್ಲ. ಆದರೆ ಅವನ ಕಷ್ಟವನ್ನೂ ನೋಡಬೇಕು. ಒಂದು ಕಾಲಕ್ಕೆ ಬ್ಯಾಂಡಿನ ಮುಕ್ಕಾಲು ಹಾಡು ಬರೆದವನು ಅವನೇ. ಆಮೇಲೆ ಹನ್ನೊಂದು ವರ್ಷ ಒಂದು ಸಾಲೂ ಹುಟ್ಟಲಿಲ್ಲ. ಹೋದ ವರ್ಷ, ಮುಚ್ಚಿಹೋದ ಒಂದು ಟಾಕೀಸಿನ ಮುಂದೆ ಸ್ಕೂಟರ್ ಕೆಟ್ಟು ನಿಂತಾಗ, ‘ಖಾಲಿ ಸೈಕಲ್ ಸ್ಟ್ಯಾಂಡ್’ ಎಂಬ ಹಾಡು ತಾನಾಗಿ ಬಂತು. ರೆಕಾರ್ಡ್ ಮಾಡಿದ್ದ ಒಂಬತ್ತರಲ್ಲಿ ಅವನದು ಅದೊಂದೇ. ನಾಲ್ಕನೆಯ ಹಾಡು. ಅದೂ ಹೋದರೆ ಈ ಆಲ್ಬಮ್ಮಿನಲ್ಲಿ ಅವನದು ಅಂತ ಏನೂ ಉಳಿಯುವುದಿಲ್ಲ. ಮತ್ತೊಂದು ಬರೆಯುವಷ್ಟು ಹೊತ್ತಿಗೆ ಬ್ಯಾಂಡ್ ಇರುತ್ತದೋ ಇಲ್ಲವೋ ಎಂದು ನೆನೆದು ಅವನಿಗೆ ನಿಜವಾಗಿ ದುಃಖವಾಯಿತು.

ಹೋಗಬೇಕಾದರೆ ಏಳನೆಯದು ಹೋಗಲಿ. ಅದು ಜವರಪ್ಪನ ‘ಇಲವಾಲ ರಸ್ತೆ’. ಒಂಬತ್ತು ನಿಮಿಷ. ಅದರಲ್ಲಿ ಐದು ನಿಮಿಷ ಬರೀ ಬಾಸ್ ಗುಂಯ್‌ಗುಡುತ್ತದೆ. ಜವರಪ್ಪನದು ಇನ್ನೂ ಎರಡು ಹಾಡಿವೆ, ಅವನಿಗೇನು ನಷ್ಟ?

ಶಾಮಣ್ಣನವರನ್ನು ಬಗ್ಗಿಸಲಾಗುತ್ತಿರಲಿಲ್ಲ. ರಾಮಕೃಷ್ಣನಗರದ ತನ್ನ ಬೀದಿಯಲ್ಲಿ ಹೇಳಿದಂತೆ ಕೇಳುವ ಒಂದು ಕಿವಿ ಸಿಗದೆ ಇರುತ್ತದೆಯೆ?

ಪದ್ಮಾವತಿ ಬೆಳಿಗ್ಗೆ ಬರೀ ನಂಬರು ಹಾಕಿ ಕಳಿಸಿದ್ದ ಹಾಡುಗಳನ್ನು ಪೆನ್‌ಡ್ರೈವಿಗೆ ಹಾಕಿಕೊಂಡು, ತಾನೇ ನುಡಿಸಿದ್ದನ್ನು ಮತ್ತೇನು ಕೇಳುವುದೆಂದು ಜೇಬಿಗಿಟ್ಟು, ಅವನು ಎದುರು ಮನೆಯ ಮೋಹನ್ ಹತ್ತಿರ ಹೋದ. ಮೋಹನ್ ಯಾವುದಕ್ಕೂ ಇಲ್ಲ ಅನ್ನದ ಮನುಷ್ಯ. ಕಾರು ಒರೆಸುತ್ತಿದ್ದವರು ಒರೆಸುತ್ತಲೇ ಒಪ್ಪಿದರು.

“ಅಷ್ಟೇ ತಾನೆ ಸಾರ್, ಕೇಳ್ತೀನಿ. ಆಮೇಲೆ ಏನಂತ ಹೇಳ್ಬೇಕು?”

ಪ್ರದ್ಯುಮ್ನ ಆಚೆ ಈಚೆ ನೋಡಿ ಧ್ವನಿ ತಗ್ಗಿಸಿದ. “ಏಳನೇದು ಬೇಡ ಅಂದ್ಬಿಡಿ. ನಮ್ಮ ನಮ್ಮಲ್ಲೇ ಇರ್ಲಿ.”

“ಏಳು. ಆಯ್ತು. ನನ್ನ ಮದ್ವೆ ತಾರೀಖೂ ಏಳೇ. ಮರೆಯಲ್ಲ ಬಿಡಿ.”

ಕೆಲಸ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಬೀದಿಯಲ್ಲಿ ಇಬ್ಬರು ಗಂಡಸರು ಧ್ವನಿ ತಗ್ಗಿಸಿ ಮಾತಾಡಿದರೆ ಮೂರನೆಯ ಮನೆಯ ಕಿಟಕಿ ತೆರೆಯುತ್ತದೆ. ಅದು ಪುಟ್ಟಲಿಂಗಮ್ಮನವರ ಕಿಟಕಿ.

“ಏನ್ ಮೇಷ್ಟ್ರೇ, ಸೈಟ್ ಗೀಟ್ ಮಾರ್ತಾ ಇದೀರಾ?”

“ಅಯ್ಯೋ ಇಲ್ಲ, ಹಾಡು ಕೇಳ್ಸೋಣ ಅಂತ.”

“ಹಾಡಾ! ನಾನೂ ಬತ್ತೀನಿ ತಡೀರಿ. ಮೂವತ್ತು ವರ್ಷದಿಂದ ನಿಮ್ಮನೆ ಮಾಳಿಗೆ ಮೇಲಿಂದ ಅದೇನೋ ಡಬಡಬ ಅಂತ ಕೇಳ್ತಾನೇ ಐತೆ. ಅದು ಹಾಡೋ, ಟ್ಯಾಂಕ್ ರಿಪೇರಿನೋ ಅಂತ ಇವತ್ತಾದ್ರೂ ಗೊತ್ತಾಗ್ಲಿ.”

ಅವರು ಬಂದರು. ಬರುವಾಗ ಸುಮ್ಮನೆ ಬರಲಿಲ್ಲ, ಪಕ್ಕದ ಮನೆಯ ಗಿರಿಜಾಂಬಾ ಅವರನ್ನೂ ಕೂಗಿಕೊಂಡೇ ಬಂದರು. ಗಿರಿಜಾಂಬಾ ನಿವೃತ್ತ ಹೆಡ್‌ಮಿಸ್. ಎಸ್ಸೆಸ್ಸೆಲ್ಸಿ ಪೇಪರ್ ತಿದ್ದಿ ತಿದ್ದಿ ಅವರ ಕೈಗೆ ಕೆಂಪು ಪೆನ್ನು ಅಂಟಿಹೋಗಿತ್ತು. ಎಪ್ಪತ್ತಮೂರು ವರ್ಷ. ಶಾಸ್ತ್ರೀಯ ಸಂಗೀತ ಬಿಟ್ಟು ಬೇರೆಯದಕ್ಕೆಲ್ಲ ಅವರ ಮನೆಯಲ್ಲಿ ಗಲಾಟೆ ಎಂಬ ಒಂದೇ ಹೆಸರು.

ಅವರು ಬ್ಯಾಂಡಿನ ಪದ್ಧತಿಯನ್ನು ಪೂರ್ತಿ ವಿಚಾರಿಸಿಕೊಂಡರು. “ಚೆನ್ನಾಗಿದೆ ಕಣೋ ನಿಮ್ಮ ಪದ್ಧತಿ. ಆದ್ರೆ ಒಬ್ರೇ ತಿದ್ದಿದ್ರೆ ಸಾಲ್ದು. ಮೂರು ಜನ ಮೌಲ್ಯಮಾಪಕರು, ಬಹುಮತ ಯಾವ ಕಡೆಗೋ ಅದೇ ತೀರ್ಪು. ನಮ್ಮನೇಲೇ ಆಗ್ಲಿ. ಮಧ್ಯಾಹ್ನ ಮೂರಕ್ಕೆ. ನೀನು ಅಭ್ಯರ್ಥಿ, ಒಳಗೆ ಬರೋ ಹಾಗಿಲ್ಲ.”

ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದ ಹಾಗಾಯಿತು. ಆದರೂ ಮೂರರಲ್ಲಿ ಎರಡು ಕೈಗೆ ಬಂದರೆ ಸಾಕಲ್ಲ. ಊಟವಾದ ಮೇಲೆ ಪ್ರದ್ಯುಮ್ನ ಪುಟ್ಟಲಿಂಗಮ್ಮನವರ ಹಿತ್ತಲ ಬಾಗಿಲಿಗೆ ಹೋಗಿ, ಏಳನೆಯ ಹಾಡು ಕೇಳಿದರೆ ಬೀಪಿ ಏರುತ್ತದೆಂದು ಕಿವಿಮಾತು ಹೇಳಿದ.

“ಅಂಗಾದ್ರೆ ಅದನ್ನ್ಯಾಕೆ ಮಾಡುದ್ರಿ?”

“ಅದು ಜವರಪ್ಪಂದು. ಅವನಿಗೆ ನಾನು ಹೇಳಿದ್ರೆ ಬೇಜಾರಾಗುತ್ತೆ.”

“ಬುಡಿ, ನನ್ ಬಾಯಲ್ಲಿ ಹೇಳ್ಸೋದಾ. ಆಯ್ತು, ಏಳ್ನೇದು ತಾನೆ? ನಾನಿದ್ದೀನಿ.”

ಗಿರಿಜಾಂಬಾ ಅವರಿಗೆ ಹೇಳುವ ಧೈರ್ಯ ಅವನಿಗೆ ಬರಲಿಲ್ಲ.

ಮೂರು ಗಂಟೆಗೆ ಅವನು ತನ್ನ ಎರಡು ದೊಡ್ಡ ಸ್ಪೀಕರುಗಳನ್ನು ಅವರ ಹಾಲಿಗೆ ಹೊತ್ತು ತಂದು ಜೋಡಿಸಿದ. ಮೂರೂ ಜನ ಕಾಗದ ಪೆನ್ನು ಹಿಡಿದು ಕೂತರು. ಗುಂಡಿ ಒತ್ತುತ್ತಿದ್ದ ಹಾಗೆ ಕರೆಂಟ್ ಹೋಯಿತು. ನಾಲ್ಕಾಯಿತು, ಬರಲಿಲ್ಲ. ನಾಲ್ಕೂವರೆಯಾಯಿತು. ಪ್ರದ್ಯುಮ್ನನಿಗೆ ಆರು ಗಂಟೆ ಕಣ್ಣ ಮುಂದೆ ಕುಣಿಯತೊಡಗಿತು.

“ನನ್ ಕಾರಲ್ಲಿ ಕೇಳೋಣ,” ಅಂದರು ಮೋಹನ್. “ಹಳೇ ಕಾರಾದ್ರೂ ಸ್ಪೀಕರ್ ಫಸ್ಟ್ ಕ್ಲಾಸ್. ಹಾಡಿನ ನಂಬರ್ ಕೂಡ ತೋರ್ಸುತ್ತೆ.”

ಹಾಗೆ ಆ ಬೀದಿಯ ಮಧ್ಯೆ ನಿಂತ ಕಾರಿನಲ್ಲಿ, ಮುಂದೆ ಮೋಹನ್, ಹಿಂದೆ ಗಿರಿಜಾಂಬಾ ಮತ್ತು ಪುಟ್ಟಲಿಂಗಮ್ಮ, ನಾಲ್ಕೂ ಗಾಜು ಏರಿಸಿಕೊಂಡು ಕೂತರು. ಪ್ರದ್ಯುಮ್ನ ತನ್ನ ಗೇಟಿನ ಹತ್ತಿರ ನಿಂತ. ಅವನಿಗೆ ಕಾಣುತ್ತಿತ್ತು, ಕೇಳುತ್ತಿರಲಿಲ್ಲ. ಮೂವತ್ತೆರಡು ವರ್ಷ ಜನರ ಮುಂದೆ ನುಡಿಸಿದವನಿಗೆ, ಕೇಳುವವರ ಮುಖವನ್ನು ಇಷ್ಟು ಆಸೆಯಿಂದ ನೋಡುವ ಅವಕಾಶ ಎಂದೂ ಸಿಕ್ಕಿರಲಿಲ್ಲ. ಪುಟ್ಟಲಿಂಗಮ್ಮನವರ ತಲೆ ಅಲ್ಲಾಡುತ್ತಿದೆಯಲ್ಲ, ಅದು ತಾಳಕ್ಕೋ, ಬೇಡವೆಂದೋ? ಗಿರಿಜಾಂಬಾ ಏನೋ ಬರೆದರು. ಎರಡನೆಯದಕ್ಕೇ ಬರೆಯುವಂಥದ್ದು ಏನಿದೆ? ಅವನು ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದ.

ಬೀದಿಗೂ ಕುತೂಹಲ ತಡೆಯಲಿಲ್ಲ. ತರಕಾರಿ ಗಾಡಿಯ ಪುಟ್ಟಣ್ಣ ಗಾಡಿ ನಿಲ್ಲಿಸಿದ. “ಯಾಕ್ ಬುದ್ಧಿ, ಸ್ಟಾರ್ಟ್ ಆಗ್ತಿಲ್ವಾ?”

“ಅದೇನಿಲ್ಲ, ಅವರು ಹಾಡು—”

“ವಯಸ್ಸಾದೋರು ಪಾಪ, ಸೆಕೇಲಿ ಕೂತವ್ರೆ. ಬನ್ರಪ್ಪಾ, ಒಂದ್ ಕೈ ಹಾಕಿ!”

ವಾಕಿಂಗ್ ಹೊರಟಿದ್ದ ಇಬ್ಬರು ಕೈ ಹಾಕಿಯೇ ಬಿಟ್ಟರು. ಕಾರು ಜರುಗಿತು. ಒಳಗೆ ಕಣ್ಣು ಮುಚ್ಚಿ ಕೇಳುತ್ತಿದ್ದ ಮೋಹನ್ ಬೆಚ್ಚಿಬಿದ್ದು ಬ್ರೇಕ್ ಹುಡುಕುವಷ್ಟರಲ್ಲಿ ಕಾರು ನಾಲ್ಕು ಮನೆ ದಾಟಿತ್ತು. ಪ್ರದ್ಯುಮ್ನ ಹಿಂದೆ ಓಡಿದ. ಹಿಂದಿನ ಗಾಜು ಇಳಿಯಿತು. ಗಿರಿಜಾಂಬಾ ತಲೆ ಹೊರಗೆ ಹಾಕಿ, “ಯಾರ್ರೋ ಅದು? ಪರೀಕ್ಷೆ ನಡೀತಿದೆ, ಕಣ್ಣು ಕಾಣ್ಸಲ್ವೇನ್ರೋ?” ಎಂದು ಮಂಗಳಾರತಿ ಎತ್ತಿದರು. ಮೂವರೂ ಕೈ ತೆಗೆದು ದೂರ ಸರಿದರು. ಪುಟ್ಟಣ್ಣ ಗಾಡಿ ತಳ್ಳಿಕೊಂಡು ಹೋಗುತ್ತ, ಉಪಕಾರಕ್ಕೆ ಕಾಲವಿಲ್ಲವೆಂದು ಗೊಣಗಿದ.

ಗಾಜು ಮತ್ತೆ ಏರಿತು. ಅರ್ಧ ಗಂಟೆಯ ಮೇಲಾಗಿತ್ತು. ಏಳನೆಯದೇ ಇರಬೇಕು ಎಂದು ಪ್ರದ್ಯುಮ್ನ ಅಂದಾಜು ಮಾಡುತ್ತಿದ್ದಂತೆ ಮೋಹನ್ ಬೆರಳು ಮಡಿಸಿ ತೃಪ್ತಿಯಿಂದ ಏನೋ ಗೀಚಿದರು. ಪುಟ್ಟಲಿಂಗಮ್ಮ ಹಣೆ ಒತ್ತಿಕೊಂಡು ಬೀಪಿ ಏರಿದವರಂತೆ ಅಭಿನಯಿಸಿದರು. ಆದರೆ ಗಿರಿಜಾಂಬಾ ಕನ್ನಡಕ ತೆಗೆದು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ಜವರಪ್ಪನ ಬಾಸಿಗೆ ಕಣ್ಣೀರೆ? ಧೂಳು ಹೋಗಿರಬೇಕು. ಅಥವಾ ತಲೆ ಸಿಡಿಯುತ್ತಿರಬೇಕು. ಅವನಿಗೆ ಬಾಗಿಲು ತೆಗೆದು ಕೇಳಿಬಿಡುವಷ್ಟು ಆತುರವಾಯಿತು.

ಐದೂವರೆ ದಾಟಿದ ಮೇಲೆ ಜವರಪ್ಪ ಸ್ಕೂಟರಿನಲ್ಲಿ ಬಂದ. ತೀರ್ಪು ಕೇಳಿ ಪದ್ಮಾವತಿಗೆ ಫೋನ್ ಮಾಡುವುದು ಅವನ ಕೆಲಸ. ಕಾರಿನ ಬಾಗಿಲುಗಳು ತೆರೆದವು. ಗಿರಿಜಾಂಬಾ ಕಾಗದ ಬಿಡಿಸಿ ಓದಿದರು.

“ಮೂರು ಮತಗಳಲ್ಲಿ ಎರಡರ ಬಹುಮತದಿಂದ ಏಳನೆಯ ಹಾಡನ್ನು ತೆಗೆಯತಕ್ಕದ್ದು.”

ಪ್ರದ್ಯುಮ್ನನಿಗೆ ಕುಣಿಯಬೇಕೆನಿಸಿತು. ಕುಣಿಯದೆ, ಸಾವಿನ ಮನೆಗೆ ಬಂದವನ ಮುಖ ಮಾಡಿಕೊಂಡು ಜವರಪ್ಪನ ಭುಜ ಹಿಡಿದ. “ಬೇಜಾರ್ ಮಾಡ್ಕೋಬೇಡ ಕಣೋ. ಏನ್ ಮಾಡೋದು, ಕಿವಿ ಹೇಳಿದ ಮೇಲೆ ಮುಗೀತು.”

ಜವರಪ್ಪನ ಮುಖ ನಿಜವಾಗಿಯೇ ಸಪ್ಪಗಾಯಿತು. “ನನ್ಗೇನ್ಲಾ, ನಿನ್ಗೇ ಅಲ್ವಾ ಬೇಜಾರಾಗ್ಬೇಕು?”

“ನನಗ್ಯಾಕೆ?”

“ನನ್ನ ಮತ ಈ ತೀರ್ಪಿಗಿಲ್ಲ, ಗೊತ್ತಿರ್ಲಿ,” ಎಂದರು ಗಿರಿಜಾಂಬಾ, ಇನ್ನೂ ಮೂಗು ಕೆಂಪಾಗಿದ್ದವರು. “ನಾಲ್ಕನೇದು ಐದು ನಿಮಿಷ ಬರೀ ಗುಂಯ್ ಅಂತು, ಅದನ್ನ ಎತ್ತಾಕಿ ಅಂತ ನಾನು ಬರೆದೆ. ಏಳನೇದಕ್ಕೆ ಹತ್ತಕ್ಕೆ ಒಂಬತ್ತು ಕೊಟ್ಟಿದ್ದೆ. ಆ ಖಾಲಿ ಸೈಕಲ್ ಸ್ಟ್ಯಾಂಡು... ನಮ್ಮೆಜಮಾನ್ರು ಟಿಕೆಟ್ ತಗೊಂಡು ಅಲ್ಲೇ ಕಾಯ್ತಾ ನಿಂತಿರ್ತಿದ್ರು ಕಣೋ. ಯಾರು ಬರೆದದ್ದು ಅದನ್ನ?”

ಪ್ರದ್ಯುಮ್ನ ಬಗ್ಗಿ ಅವರ ಕೈಲಿದ್ದ ಕಾಗದದ ನಂಬರುಗಳನ್ನು ಮತ್ತೊಮ್ಮೆ ನೋಡಿದ.

“ಇವ್ನೇ ಕಣ್ರವ್ವಾ ಬರ್ದೋನು,” ಅಂದ ಜವರಪ್ಪ. “ನಿನ್ಗೆ ಹೇಳಿರ್ಲಿಲ್ಲ ಕಣ್ಲಾ. ನಿನ್ನೆ ಸಂಜೆ ಕೂತು ಕೇಳ್ತಿದ್ದಾಗ ನನ್ಗೇ ಅನ್ನುಸ್ತು, ಇಷ್ಟು ವರ್ಷದ ಮೇಲೆ ನೀನು ಬರ್ದಿದೀಯ, ಅದು ಮಧ್ಯದಲ್ಲಿ ಕಳ್ದೋಗ್ಬಾರ್ದು ಅಂತ. ಏಳ್ನೇ ಜಾಗ ಅಂದ್ರೆ ಆಲ್ಬಮ್ಮಿನ ಗರ್ಭಗುಡಿ ಇದ್ದಂಗೆ. ನನ್ ಹಾಡು ತೆಗ್ದು ನಾಲ್ಕಕ್ಕೆ ಹಾಕ್ದೆ, ನಿಂದು ಏಳಕ್ಕೆ ತಂದೆ. ಪದ್ಮಾವತಿನೂ ಹೂಂ ಅಂದ್ಳು. ನೀನು ಕೇಳ್ದಾಗ ಖುಷಿ ಪಡ್ಲಿ ಅಂತ ಸುಮ್ನಿದ್ವಿ.”

ಪ್ರದ್ಯುಮ್ನ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಬೀದಿಯಲ್ಲಿ ಪ್ರಾಮಾಣಿಕವಾಗಿ ಕೇಳಿದ ಕಿವಿ ಒಂದೇ ಒಂದು. ಅದು ಅವನ ಹಾಡಿಗೆ ಅತ್ತಿತ್ತು. ಅವನೇ ಕಾಡಿಬೇಡಿ ಗೊತ್ತು ಮಾಡಿಕೊಂಡ ಎರಡು ಕಿವಿ ಸೇರಿ ಅದರ ಕತ್ತು ಹಿಸುಕಿದ್ದವು.

“ಹಾಗಾದ್ರೆ ಒಂದು ದಾರಿ ಇದೆ,” ಎಂದರು ಗಿರಿಜಾಂಬಾ. “ಮೌಲ್ಯಮಾಪಕರಿಗೆ ಯಾರಾದ್ರೂ ಮೊದ್ಲೇ ಹೇಳ್ಕೊಟ್ಟಿದ್ರೆ ಮತ ರದ್ದಾಗುತ್ತೆ. ಮರುಮೌಲ್ಯಮಾಪನ ಮಾಡ್ಬಹುದು. ಏನಪ್ಪಾ ಮೋಹನ್, ಏನಮ್ಮಾ ಪುಟ್ಟಲಿಂಗಮ್ಮ, ನಿಮಗ್ಯಾರಾದ್ರೂ ಏನಾದ್ರೂ ಹೇಳಿದ್ರಾ?”

ಮೋಹನ್ ಪ್ರದ್ಯುಮ್ನನ ಮುಖ ನೋಡಿದರು. ಪುಟ್ಟಲಿಂಗಮ್ಮನವರೂ ಅವನ ಮುಖವನ್ನೇ ನೋಡಿದರು. ಜವರಪ್ಪನೂ ನೋಡಿದ, ಪಾಪ, ಗೆಳೆಯನ ಹಾಡು ಹೇಗಾದರೂ ಉಳಿಯಲಿ ಎಂಬ ಆಸೆಯಿಂದ. ಹೌದು ಎಂಬ ಒಂದು ಮಾತು ಸಾಕು, ಹನ್ನೊಂದು ವರ್ಷಕ್ಕೆ ಹುಟ್ಟಿದ ಹಾಡು ಬದುಕುತ್ತಿತ್ತು. ಆದರೆ ಏಳನೆಯದು ಬೇಡ ಅಂತ ಹೇಳಿಸಿದ್ದು ಯಾಕೆ, ಏಳನೆಯದು ಯಾರದು ಅಂದುಕೊಂಡಿದ್ದೆ ಎಂದು ಜವರಪ್ಪ ಕೇಳದೆ ಬಿಡುತ್ತಿದ್ದನೆ?

“ಯಾರೂ ಏನೂ ಹೇಳಿಲ್ಲ ಮಿಸ್,” ಅಂದ ಪ್ರದ್ಯುಮ್ನ. “ಪದ್ಧತಿ ಅಂದ್ರೆ ಪದ್ಧತಿ. ತೆಗೆದ್ಬಿಡಿ.”

ಜವರಪ್ಪ ಕಣ್ಣೊರೆಸಿಕೊಂಡು ಪದ್ಮಾವತಿಗೆ ಫೋನ್ ಮಾಡಿದ. ಆರು ಗಂಟೆಗೆ ಎಂಟು ಹಾಡು ಕಂಪನಿಗೆ ಹೋದವು. ಒಂಬತ್ತು ನಿಮಿಷದ ‘ಇಲವಾಲ ರಸ್ತೆ’ಯೂ ಹೋಯಿತು.

“ಸ್ವಂತ ಹಾಡು ಹೋದ್ರೂ ಒಂದ್ ಮಾತಾಡ್ಲಿಲ್ಲವಲ್ಲೋ ನೀನು,” ಎಂದು ಜವರಪ್ಪ ಅವನನ್ನು ಬಿಗಿಯಾಗಿ ತಬ್ಬಿಕೊಂಡ. “ನಿನ್ನಂಗೆ ನಿಯತ್ತಿರೋ ಮನ್ಸ ನಮ್ಮಲ್ಲಿ ಇನ್ನೊಬ್ಬ ಇಲ್ಲ. ಇನ್ಮೇಲೆ ಸರದಿ ಗಿರದಿ ಬೇಡ. ಕಿವಿ ಹುಡ್ಕೋ ಕೆಲ್ಸ ಯಾವಾಗ್ಲೂ ನಿಂದೇ.”

ಜವರಪ್ಪನ ಭುಜದಾಚೆ ನಿಂತಿದ್ದ ಮೋಹನ್, ಯಾರಿಗೂ ಕಾಣದಂತೆ ಏಳು ಬೆರಳು ತೋರಿಸಿ ಕಣ್ಣು ಹೊಡೆದರು.