ವೈಫೈ ಡ್ರೈವರ್ ಮತ್ತು ನನ್ನ ಧೂಳೊರೆಸುವ ಬಟ್ಟೆ

ಶಿಕಾರಿಪುರದಲ್ಲಿ ನಮ್ಮ ಮನೆತನಕ್ಕೆ ಮಾತನ್ನು ಎರಡು ಸಲ ಹೇಳಿ ಅಭ್ಯಾಸವಿಲ್ಲ. ಅಜ್ಜ ಮೂರು ಊರಿನ ನ್ಯಾಯ ತೀರಿಸಿದವರು, ಅಪ್ಪ ಹೈಸ್ಕೂಲಿನ ಮುಖ್ಯೋಪಾಧ್ಯಾಯರು, ನಾನು ಕಾನ್ವೆಂಟಿನಲ್ಲಿ ಓದಿದವಳು. ಇಸ್ತ್ರಿ ಮಾಡದ ಕರವಸ್ತ್ರ ಹಿಡಿದು ಹೊರಗೆ ಹೊರಟವಳಲ್ಲ. ಸೊರಬದ ಹೆಣ್ಣುಮಕ್ಕಳ ಹಾಸ್ಟೆಲಿಗೆ ವಾರ್ಡನ್ ಆದ ಮೇಲೆ ಮಾತ್ರ ನಗುವಂಥ ಪ್ರಸಂಗಗಳು ನನ್ನನ್ನೇ ಹುಡುಕಿಕೊಂಡು ಬರುತ್ತಿವೆ. ನಾನು ನಕ್ಕಿಲ್ಲ.

೧. ಒಗೆಯುವ ಕಲ್ಲು

ಆಡಳಿತ ಸಮಿತಿಯವರು ಹಾಸ್ಟೆಲಿಗೊಂದು ಹಳೆಯ ಕಂಪ್ಯೂಟರ್ ಕೊಟ್ಟರು. ಅದನ್ನು ನಡೆಸಲು ಪುಕ್ಕಟೆ ಸಿಗುವ ಲಿನಕ್ಸ್ ಎಂಬ ತಂತ್ರಾಂಶ. ವೈಫೈ ಹಿಡಿಯಲು ಹೆಬ್ಬೆರಳಿನಷ್ಟು ಅಡಾಪ್ಟರ್. ಶಿಕಾರಿಪುರದಿಂದ ಬಸ್ಸಿನಲ್ಲಿ ಬಂದ ಮೀಸೆ ನರೆತ ತಂತ್ರಜ್ಞರು ಅದನ್ನು ಸಿಕ್ಕಿಸಿ ನೋಡಿ, "ಡ್ರೈವರ್ ಇಲ್ರೀ ಮೇಡಂ" ಅಂದರು. ಅಡಾಪ್ಟರನ್ನು ಕಂಪ್ಯೂಟರಿಗೆ ಪರಿಚಯಿಸುವ ತಂತ್ರಾಂಶವಂತೆ.

"ಹಾಕಿ."

"ನೆಟ್‌ನಿಂದ ಇಳಿಸ್ಬೇಕ್ರೀ."

"ಇಳಿಸಿ."

"ನೆಟ್ ಬರಾಕ ಡ್ರೈವರ್ ಬೇಕಲ್ರೀ!"

ಅವರ ಮೊಬೈಲನ್ನು ತಂತಿಯಿಂದ ಜೋಡಿಸಿ ಇಳಿಸಬಹುದಿತ್ತು. ಆದರೆ ನಮ್ಮಲ್ಲಿ ಸಿಗ್ನಲ್ ಸಿಗುವುದು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಮಾತ್ರ. ಮೇಜು, ಕಂಪ್ಯೂಟರ್ ಎಲ್ಲ ಅಲ್ಲಿಗೆ ಹೋದವು. ಮೇಜಿಗೆ ಹಾಸು ಇರಲೇಬೇಕೆಂದೆ. ಹಾಸು ಕಂಡ ಅಡುಗೆಯವಳು, "ಎಲೆನೂ ಇಲ್ಲೇ ಹಾಕ್ಲಾ ಮೇಡಂ?" ಅಂದಳು.

೨. ಕಾಣದ ಪಾಸ್‌ವರ್ಡ್

ಕಂಪ್ಯೂಟರಿಗೆ ಪಾಸ್‌ವರ್ಡ್ ಇಡಲು ಹೇಳಿದರು. ಟೈಪ್ ಮಾಡಿದೆ. ಪರದೆಯ ಮೇಲೆ ಏನೂ ಮೂಡಲಿಲ್ಲ. ಮತ್ತೆ ಮಾಡಿದೆ. ಮೂರನೇ ಸಲ ಒತ್ತಿ ಒತ್ತಿ ಮಾಡಿದೆ. ಖಾತ್ರಿಗೆ ಇನ್ನೊಮ್ಮೆ ಕೇಳಿತು. ಹಿಡಿದ ಕೆಲಸದ ಕ್ರಮ ಬಿಡುವವಳಲ್ಲ ನಾನು, ಅದೇ ರೀತಿ ಮಾಡಿದೆ.

"ಇದ್ರಾಗ ಅಕ್ಷರ ಕಾಣಂಗಿಲ್ರೀ" ಎಂದು ತಂತ್ರಜ್ಞರು ಆಮೇಲೆ ಹೇಳಿದರು. ಇವತ್ತಿಗೂ ಮೂರು ಸಲ ಹೊಡೆದರೇ ಅದು ತೆರೆಯುವುದು.

೩. ಉದ್ಘಾಟನೆ

ಕಲ್ಲಿನ ಹತ್ತಿರ ಡ್ರೈವರ್ ಇಳಿಯಿತು, ವೈಫೈ ಬಂತು. ಸಮಿತಿಯ ಕಾರ್ಯದರ್ಶಿಗಳು ಗುಂಡಿ ಒತ್ತದೆ ಯಾವುದನ್ನೂ ಉದ್ಘಾಟಿಸುವವರಲ್ಲ. ಒತ್ತಲು ಏನೂ ಉಳಿದಿರಲಿಲ್ಲ. ಅಷ್ಟರಲ್ಲಿ ಪರದೆಯ ಮೇಲೆ "ಅಪ್‌ಡೇಟ್ ಬಂದಿದೆ, ಹಾಕಲೇ?" ಎಂಬ ಪ್ರಶ್ನೆ ಮೂಡಿತು. ತಂತ್ರಜ್ಞರು "ಅದನ್ನ ಮುಟ್ಟಬ್ಯಾಡ್ರೀ ಸರ್" ಅನ್ನುವುದರೊಳಗೆ ಕಾಯಿ ಒಡೆದಿತ್ತು, ಸರ್ ಒತ್ತಿದ್ದರು. ಚಪ್ಪಾಳೆ, ಫೋಟೊ.

ಮರುದಿನ ವೈಫೈ ಇಲ್ಲ. ಹುಡುಗಿಯರು ವಿದ್ಯಾರ್ಥಿವೇತನದ ಅರ್ಜಿ ತುಂಬಲು ಪೇಟೆಗೆ ನಡೆದರು. ಸಭೆಯಲ್ಲಿ ಎಲ್ಲರೆದುರು ಕಾರ್ಯದರ್ಶಿಗಳು, "ವಾರ್ಡನ್ ಮೇಡಂ ದಿನಾ ಧೂಳು ಒರೆಸಿ ಒರೆಸಿ ಅಡಾಪ್ಟರ್ ಕೆಡಿಸಿದ್ದಾರೆ" ಅಂದರು.

ನಮ್ಮ ಮನೆತನದ ಮೇಲೆ ಇದುವರೆಗೆ ಯಾರೂ ಚೊಕ್ಕಟತನದ ಆರೋಪ ಹೊರಿಸಿರಲಿಲ್ಲ.

೪. ಚೌಕಟ್ಟು

ತಂತ್ರಜ್ಞರು ಮತ್ತೆ ಬಂದರು. "ಅಡಾಪ್ಟರ್ ಗಟ್ಟಿಮುಟ್ಟಾಗೈತ್ರೀ. ಅಪ್‌ಡೇಟ್ ಒತ್ತಿದ್ಕ ಲಿನಕ್ಸಿನ ತಿರುಳು ಹೊಸದಾಗೇತಿ. ಡ್ರೈವರ್ ಹಳೇ ಅಳತಿಗೆ ಹೊಲಿದಿದ್ದು, ಹಿಡೀವಲ್ದು." ಹೊಸ ಅಳತೆಗೆ ಮತ್ತೆ ಹಾಕಿದರು. ವೈಫೈ ಬಂತು.

"ಎಂತ ಮೇಡಂ, ಯಾರು ಒತ್ತಿದ್ದೋ ಯಾರಿಗ್ಗೊತ್ತು! ಬಿಡಿ ಅತ್ಲಾಗೆ" ಅಂದರು ಕಾರ್ಯದರ್ಶಿಗಳು.

ಅಂದದ್ದು ಉದ್ಘಾಟನೆಯ ಫೋಟೊದ ಕೆಳಗೆ ನಿಂತು. ಅವರೇ ಚೌಕಟ್ಟು ಹಾಕಿಸಿ ತೂಗುಹಾಕಿದ್ದು. ಅದರಲ್ಲಿ ಅವರ ಬೆರಳಿದೆ, ಪರದೆಯ ಪ್ರಶ್ನೆಯಿದೆ, ಹಿಂದೆ ಎರಡೂ ಕೈಯೆತ್ತಿ ಬೇಡ ಬೇಡ ಅನ್ನುತ್ತಿರುವ ತಂತ್ರಜ್ಞರಿದ್ದಾರೆ. ಅಡಿಯಲ್ಲಿ ಬರೆಸಿದ್ದಾರೆ: "ಗಣ್ಯರು ಶುಭ ಹಾರೈಸುತ್ತಿರುವುದು."

ಆ ಗಾಜನ್ನು ನಾನು ದಿನಕ್ಕೆ ಎರಡು ಸಲ ಒರೆಸುತ್ತೇನೆ. ಕಾರ್ಯದರ್ಶಿಗಳು ಮುಂದಿನ ಸಭೆಯಲ್ಲಿ, ಅದೇ ಎಲ್ಲರೆದುರು, ನನ್ನ ಕ್ಷಮೆ ಕೇಳಬೇಕು.