ಖಾಲಿ ಡಬ್ಬಿ ವಾಪಸ್ ಕೊಡುವ ಹಾಗಿಲ್ಲ

ನಮ್ಮ ಮನೆಯಿಂದ ಪ್ಲಾಸ್ಟಿಕ್ಕನ್ನು ಗಡೀಪಾರು ಮಾಡಲು ಹೆಚ್ಚೆಂದರೆ ಅರ್ಧ ದಿನ ಸಾಕು ಎಂದು ನಾನು ನಂಬಿದ್ದೆ. ಒಂದು ಬೆಳಿಗ್ಗೆ ಕಾಫಿ ಪುಡಿ ಹುಡುಕುತ್ತ ಅಡುಗೆಮನೆಯ ಮೇಲಿನ ಕಪಾಟಿನ ಬಾಗಿಲು ತೆಗೆದೆ, ಅಷ್ಟೇ. ಹೋಟೆಲ್ ಪಾರ್ಸಲ್ಲಿನ ಪ್ಲಾಸ್ಟಿಕ್ ಡಬ್ಬಿಗಳು ದಬದಬನೆ ತಲೆಯ ಮೇಲೆ ಉದುರಿದವು. ಸಾಂಬಾರು ಬಂದಿದ್ದವು, ಗೋಬಿ ಮಂಚೂರಿ ಬಂದಿದ್ದವು, ಮುಚ್ಚಳ ಕಳೆದುಕೊಂಡವು, ಡಬ್ಬಿಯನ್ನೇ ಕಳೆದುಕೊಂಡ ಬರೀ ಮುಚ್ಚಳಗಳು! ಎಲ್ಲವೂ ನನ್ನ ಹೆಂಡತಿ ಶೈಲಾ ಜೋಪಾನವಾಗಿ ತೊಳೆದು ಎತ್ತಿಟ್ಟವು.

ನಾನು ಸುಮ್ಮನೆ ಕೂರುವ ಆಸಾಮಿಯಲ್ಲ. ತಲೆಗೆ ಏನಾದರೂ ಹೊಕ್ಕರೆ ಅದು ಮುಗಿಯುವ ತನಕ ನನಗೆ ಕೂತರೂ ಸಮಾಧಾನವಿಲ್ಲ, ನಿಂತರೂ ಸಮಾಧಾನವಿಲ್ಲ. ಅಲ್ಲೇ, ತಲೆ ಸವರಿಕೊಳ್ಳುತ್ತ, ಘೋಷಣೆ ಮಾಡಿದೆ.

"ಇನ್ಮೇಲೆ ಈ ಮನೇಲಿ ಒಂದು ಸಲ ಬಳಸಿ ಬಿಸಾಡೋ ಪ್ಲಾಸ್ಟಿಕ್ ಕಾಣಬಾರದು. ಇದೆಲ್ಲ ಇವತ್ತೇ ಕಸದ ಗಾಡಿಗೆ!"

"ರೀ, ನಾಲ್ಕಾದ್ರೂ ಇಟ್ಕೊಳ್ಳೋಣ," ಎಂದಳು ಶೈಲಾ. "ಕೆಳಗಡೆ ಏನಾದ್ರೂ ಕೊಟ್ಟು ಕಳಿಸೋಕೆ ಬೇಕಾಗುತ್ತೆ. ಪ್ಲಾಸ್ಟಿಕ್ ಆದ್ರೆ ವಾಪಸ್ ಬರ್ದಿದ್ರೂ ಯೋಚ್ನೆ ಇಲ್ಲ."

"ಸ್ಟೀಲ್ ಡಬ್ಬೀಲಿ ಕಳಿಸು! ವಾಪಸ್ ಬರ್ಲಿ, ಒಳ್ಳೇದೇ ಅಲ್ವಾ?"

ಆ ಮಾತನ್ನು ಈಗ ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಎನಿಸುತ್ತದೆ.

"ಕೆಳಗಡೆ" ಎಂದರೆ ನಮ್ಮ ಮನೆ ಓನರ್ ಗೌರಮ್ಮನವರು. ಕುಮಾರಸ್ವಾಮಿ ಲೇಔಟಿನಲ್ಲಿ ಅವರದೇ ಕಟ್ಟಡ. ಕೆಳಗೆ ಅವರು, ಮೇಲೆ ಬಾಡಿಗೆಗೆ ನಾವು. ಈ ಬಡಾವಣೆ ಆಗುವ ಮುಂಚೆ ಇಲ್ಲೆಲ್ಲ ಅವರ ಮನೆಯವರು ರಾಗಿ ಬೆಳೆಯುತ್ತಿದ್ದರಂತೆ. ಹೊಲ ಹೋಯಿತು, ಹೊಲಕ್ಕೆ ಬುತ್ತಿ ಹೊರುತ್ತಿದ್ದ ಕಾಲದ ಅಡುಗೆಯ ಅಳತೆ ಮಾತ್ರ ಹಾಗೇ ಉಳಿದಿದೆ. ಮನೆಯಲ್ಲಿ ಇರುವುದು ಅವರು, ಅವರ ಯಜಮಾನರು, ಇಬ್ಬರೇ.

ನನ್ನ ಘೋಷಣೆಗೆ ತುಂಬು ಬೆಂಬಲ ಕೊಟ್ಟವಳು ಅಮ್ಮ. ಅಮ್ಮ ನಮ್ಮ ಜೊತೆಯಲ್ಲೇ ಇದ್ದಾಳೆ. ನಾನು ಹುಡುಗನಾಗಿದ್ದಾಗ ಎಣ್ಣೆ ಅಂಗಡಿಗೆ ಕ್ಯಾನು, ತರಕಾರಿಗೆ ಬಟ್ಟೆ ಚೀಲ ಕೊಟ್ಟೇ ಕಳಿಸುತ್ತಿದ್ದವಳು. ಅವಳ ಎರಡು ಕಾನೂನುಗಳು ನನ್ನ ಮೈಯಲ್ಲಿ ರಕ್ತದ ಜೊತೆ ಓಡಾಡುತ್ತಿವೆ. ತಿನ್ನುವ ಪದಾರ್ಥ ಬಿಸಾಡಬಾರದು. ಯಾರ ಮನೆಯ ಪಾತ್ರೆಯನ್ನೂ ಖಾಲಿ ವಾಪಸ್ ಕೊಡಬಾರದು.

ಇಂಥ ಅಮ್ಮನಿಗೆ ಸಕ್ಕರೆ ಕಾಯಿಲೆ. ಹೋದ ಸಲ ರಕ್ತಪರೀಕ್ಷೆಯ ರಿಪೋರ್ಟು ನೋಡಿ ಜಯನಗರದ ಡಾಕ್ಟರು ಕನ್ನಡಕ ತೆಗೆದು ಟೇಬಲ್ಲಿನ ಮೇಲಿಟ್ಟಿದ್ದರು. "ಮುಂದಿನ ಸಲಾನೂ ಹೀಗೇ ಇದ್ರೆ ದಿನಾ ಇನ್ಸುಲಿನ್ ಚುಚ್ಚಬೇಕಾಗುತ್ತೆ, ನೋಡಿ." ಅಮ್ಮನಿಗೆ ಸೂಜಿ ಎಂದರೆ ಪ್ರಾಣಭಯ. ಮನೆಗೆ ಬರುವ ತನಕ ಆಟೋದಲ್ಲಿ ನನ್ನ ಕೈ ಬಿಡಲಿಲ್ಲ. ಅವತ್ತೇ ನಾನು ಮನಸ್ಸಿನಲ್ಲಿ ಶಪಥ ಮಾಡಿದ್ದೆ, ಏನೇ ಆಗಲಿ, ಅಮ್ಮನಿಗೆ ಆ ಸೂಜಿ ಬರಕೂಡದು.

ಪ್ಲಾಸ್ಟಿಕ್ ಡಬ್ಬಿಗಳು ಕಸದ ಗಾಡಿ ಹತ್ತಿದವು. ಆ ವಾರವೇ ಶೈಲಾ ಅವರೆಕಾಳು ಉಪ್ಪಿಟ್ಟು ಮಾಡಿ, ನನ್ನ ಅಪ್ಪಣೆಯಂತೆ, ಹೊಳೆಯುವ ಸ್ಟೀಲ್ ಡಬ್ಬಿಯಲ್ಲಿ ಕೆಳಗೆ ಕಳಿಸಿದಳು. ಮಾರನೇ ದಿನ ಡಬ್ಬಿ ವಾಪಸ್ ಬಂತು. ತುಂಬ ಕಜ್ಜಾಯ!

"ಖಾಲಿ ಡಬ್ಬಿ ಹೆಂಗ್ ಕೊಡೋದು ಅಂತ ನಾಕು ಸುಟ್ಟೆ ಕಣಪ್ಪ," ಎಂದರು ಗೌರಮ್ಮ. ಡಬ್ಬಿಯಲ್ಲಿ ಹಿಡಿಯದ ಕಜ್ಜಾಯಗಳು ಅವರದೇ ಇನ್ನೊಂದು ಪಾತ್ರೆಯಲ್ಲಿದ್ದವು.

ನಾನು ಬಟ್ಟೆ ಬದಲಾಯಿಸಿ ಬರುವಷ್ಟರಲ್ಲಿ ಅಮ್ಮ ಎರಡು ಮುಗಿಸಿದ್ದಳು.

"ಅಮ್ಮಾ, ಸೂಜಿ!"

"ಬಾಯಿಗೆ ಹೋಗ್ಲೇ ಇಲ್ಲ, ಸುಮ್ನೆ ಮೂಸಿ ನೋಡ್ದೆ," ಎಂದಳು ಅಮ್ಮ, ಎಳ್ಳು ಅಂಟಿದ ತುಟಿ ಒರೆಸಿಕೊಳ್ಳುತ್ತ.

ಈಗ ಗೌರಮ್ಮನವರ ಪಾತ್ರೆ ನಮ್ಮಲ್ಲಿ. ಓನರ್ ಮನೆಯ ಪಾತ್ರೆ! ಅದನ್ನು ಖಾಲಿ ಕೊಡುವುದೆಂದರೆ ಮನೆ ಖಾಲಿ ಮಾಡುತ್ತೇವೆಂದು ಹೇಳಿದ ಹಾಗೆ ಎಂಬುದು ಅಮ್ಮನ ವಾದ. ಅದರ ತುಂಬ ಪುಳಿಯೋಗರೆ ಹೋಯಿತು. ಆ ಪಾತ್ರೆಯ ಲೆಕ್ಕ ತೀರಿತು, ಪುಳಿಯೋಗರೆಯ ಲೆಕ್ಕ ಶುರುವಾಯಿತು. ಬೇರೆ ಡಬ್ಬಿಯಲ್ಲಿ ಒಬ್ಬಟ್ಟು ಬಂತು. ಹದಿನೈದು ದಿನದಲ್ಲಿ ಯಾವ ಪಾತ್ರೆ ಯಾರದು, ಯಾರಿಗೆ ಯಾರು ಕೊಡಬೇಕು ಎಂಬುದು ಎರಡು ಮನೆಯವರಿಗೂ ತಿಳಿಯದಂತಾಯಿತು. ಪ್ಲಾಸ್ಟಿಕ್ಕಿನ ಕಾಲದಲ್ಲಿ ಈ ರಗಳೆಯೇ ಇರಲಿಲ್ಲ. ಕೊಟ್ಟರು, ತಿಂದೆವು, ಮುಗಿಯಿತು! ಅದನ್ನು ಗಡೀಪಾರು ಮಾಡಿದ ಮಹಾಪುರುಷ ನಾನೇ.

"ಹೋಗಿ ನೇರವಾಗಿ ಹೇಳ್ಬಿಡಿ, ಅತ್ತೆಗೆ ಶುಗರ್ ಅಂತ," ಎಂದಳು ಶೈಲಾ.

ಅಮ್ಮ ಒಳಗಿನಿಂದಲೇ ಗುಡುಗಿದಳು. "ಸತೀಶ, ಕೆಳಗಡೆ ಬಾಯಿ ಬಿಟ್ಟೀಯ ಜೋಕೆ! ಆಮೇಲೆ ಪೂಜೆಗೆ ಕರೆದಾಗ ನನ್ನೊಬ್ಬಳಿಗೆ ಬರೀ ಎಲೆ ಅಡಿಕೆ ಕೊಟ್ಟು ಕಳಿಸ್ತಾರೆ."

ಆ ದಾರಿಯೂ ಮುಚ್ಚಿತು. ನನಗೆ ನಿದ್ದೆ ಬರದಂತಾಯಿತು. ಮೆಟ್ಟಿಲ ಮೇಲೆ ಬಳೆ ಸದ್ದಾದರೆ ಎದ್ದು ನಿಲ್ಲುವುದು, ಕಾಲಿಂಗ್ ಬೆಲ್ ಆದರೆ ಅಮ್ಮನಿಗಿಂತ ಮೊದಲು ಓಡುವುದು. ಆಫೀಸಿನಲ್ಲಿ ಪಕ್ಕದವರು ಊಟದ ಡಬ್ಬಿ ಮುಚ್ಚಳ ತೆಗೆದರೂ ಬೆಚ್ಚಿಬೀಳುತ್ತಿದ್ದೆ. ಆಮೇಲೆ ನಾನೇ ಒಂದು ಉಪಾಯ ಕಂಡುಹಿಡಿದೆ. ಮನೆಯಲ್ಲಿರುವ ಸಕ್ಕರೆಯನ್ನೆಲ್ಲ ಅವರ ಡಬ್ಬಿಗೆ ತುಂಬಿ ಕಳಿಸುವುದು! ಡಬ್ಬಿ ಖಾಲಿ ಹೋದಂತಾಗಲಿಲ್ಲ, ಅಮ್ಮನ ಶತ್ರುವೂ ಮನೆಯಿಂದ ಹೊರಗೆ ಹೋಯಿತು. ನನ್ನ ಬುದ್ಧಿಗೆ ನಾನೇ ಬೆರಗಾದೆ.

ಎರಡು ದಿನ ಬಿಟ್ಟು ಗೌರಮ್ಮ ಮೇಲೆ ಬಂದರು.

"ಅಷ್ಟೊಂದು ಸಕ್ಕರೆ ಕಳ್ಸಿದ್ರಲ್ಲಪ್ಪ. ನಂಗೆ ಅರ್ಥ ಆಗಲ್ವಾ? ಬಾಯಿ ಬಿಟ್ಟು ಕೇಳೋಕೆ ನಿಮ್ಗೆ ಸಂಕೋಚ. ತಗೋ, ಅಷ್ಟೂ ರವೆ ಉಂಡೆ ಮಾಡಿವ್ನಿ!"

ಸಿಹಿ ಕಳಿಸಿದ್ದೇ ತಪ್ಪು ಎಂದುಕೊಂಡು ಮುಂದಿನ ಸಲ ಹಾಗಲಕಾಯಿ ಪಲ್ಯ ಕಳಿಸಿದೆ. ಬೆಲ್ಲ ಹಾಕದೆ, ಕಹಿ ತೆಗೆಯದೆ, ನಾನೇ ನಿಂತು ಮಾಡಿದ್ದು. ಯಾವ ಮನುಷ್ಯನಿಗೂ ಇದನ್ನು ತಿಂದ ಮೇಲೆ ನಮ್ಮ ಮೇಲೆ ಪ್ರೀತಿ ಉಳಿಯಬಾರದು! ಸಂಜೆಯೇ ಗಸಗಸೆ ಪಾಯಸ ಬಂತು.

"ಕಹಿ ಜಾಸ್ತಿ ಆಗೈತೆ ಕಣಪ್ಪ. ನಿಮ್ಮನೇಲೂ ಅದನ್ನೇ ತಿಂದಿರ್ತೀರಿ, ಪಾಪ. ಬಾಯಿ ಸರಿ ಮಾಡ್ಕಳಿ."

ಬಂದದ್ದನ್ನು ಅಮ್ಮನ ಕೈಗೆ ಸಿಗದಂತೆ ಮಾಡುವುದು ಹೇಗೆ? ಬಿಸಾಡಲು ಕೈ ಬರುವುದಿಲ್ಲ. ಒಂದು ಸಲ ಉಂಡೆಗಳನ್ನು ಹಸಿಕಸದ ಬಕೆಟ್ಟಿನ ತನಕ ಒಯ್ದೆ. ಚಿಕ್ಕಂದಿನಲ್ಲಿ ಅನ್ನ ಚೆಲ್ಲಿದ್ದಕ್ಕೆ ಅಮ್ಮ ಬೆರಳ ಗಂಟಿಗೆ ಸೌಟಿನಲ್ಲಿ ಕೊಟ್ಟ ಏಟು ಆ ಕ್ಷಣ ಚುರುಕ್ಕೆಂದಿತು. ಕೈ ತಾನಾಗಿ ಬಾಯಿಯ ಕಡೆ ತಿರುಗಿತು. ಶೈಲಾಳಿಗೆ ಸಿಹಿ ಸೇರುವುದಿಲ್ಲ. ಇನ್ನುಳಿದವನು ನಾನು. ಅಮ್ಮನ ಆರೋಗ್ಯಕ್ಕಾಗಿ ನಾನೇ ಎಲ್ಲವನ್ನೂ ತಿಂದು ಮುಗಿಸಬೇಕೆಂದು ತೀರ್ಮಾನಿಸಿದೆ. ಇದನ್ನು ತ್ಯಾಗ ಎನ್ನದೆ ಬೇರೆ ಏನೆನ್ನಬೇಕು?

ತಾರಸಿಯ ಮೇಲೆ, ನೀರಿನ ಟ್ಯಾಂಕಿನ ಹಿಂದೆ ಕೂತು ತಿನ್ನುತ್ತಿದ್ದೆ. ಕೆಳಗೆ ಬಂದಾಗ ಅಮ್ಮ ಕೇಳುತ್ತಿದ್ದಳು.

"ಡಬ್ಬೀಲಿ ಏನು ಬಂತೋ?"

"ಸೊಪ್ಪಿನ ಪಲ್ಯ ಅಮ್ಮ. ಉಪ್ಪು ಜಾಸ್ತಿ, ನಿನಗೆ ಬೇಡ."

ಒಂದು ದಿನ ಹೀಗೆ ಟ್ಯಾಂಕಿನ ಹಿಂದೆ ಒಬ್ಬಟ್ಟು ಮಡಿಸಿ ಬಾಯಿಗಿಟ್ಟಿದ್ದೇನೆ, ಎದುರಿಗೆ ಗೌರಮ್ಮ! ಹಪ್ಪಳ ಒಣಹಾಕಲು ಬಂದಿದ್ದಾರೆ. ನನ್ನ ಕೆನ್ನೆ ಎರಡೂ ಕಡೆ ಉಬ್ಬಿದೆ. ಮಾತಾಡುವ ಹಾಗಿಲ್ಲ. ಅವರು ನನ್ನನ್ನು ನೋಡಿದರು, ಡಬ್ಬಿ ನೋಡಿದರು. ಅವರ ಕಣ್ಣು ತುಂಬಿ ಬಂತು.

"ಯಾರಿಗೂ ಕೊಡ್ದಂಗೆ ಬಚ್ಚಿಟ್ಕೊಂಡು ತಿಂತೀಯಾ? ನನ್ ಕೈ ಅಡುಗೆನಾ ಇಷ್ಟು ಆಸೆಪಟ್ಟು ಯಾರೂ ತಿಂದಿರ್ಲಿಲ್ಲ ಕಣಪ್ಪ."

ಅವತ್ತಿನಿಂದ ಡಬ್ಬಿಗಳ ಗಾತ್ರ ದೊಡ್ಡದಾಯಿತು. ಅಮ್ಮನ ರಕ್ತಪರೀಕ್ಷೆಯ ದಿನವೂ ಹತ್ತಿರ ಬರುತ್ತಿತ್ತು. ಎಲ್ಲವನ್ನೂ ತಡೆದಿದ್ದೇನೆಯೇ? ನಾನು ಆಫೀಸಿನಲ್ಲಿದ್ದಾಗ ಏನೇನು ಒಳಗೆ ಬಂದಿದೆಯೋ? ಅಮ್ಮ ಏನೇನು ಮೂಸಿ ನೋಡಿದ್ದಾಳೋ? ಯೋಚಿಸಿ ಯೋಚಿಸಿ ಕೊನೆಗೆ ನಾನು ಮಾಡಬಾರದ ಕೆಲಸಕ್ಕೆ ಇಳಿದೆ.

ನಮ್ಮ ಏರಿಯಾದಲ್ಲಿ ಎಲ್ಲರಿಗೂ ನಾನು "ಪ್ಲಾಸ್ಟಿಕ್ ಬಿಟ್ಟವರು" ಎಂದೇ ಪರಿಚಯ. ಹೇಳಿಕೊಂಡು ತಿರುಗಿದವನೂ ನಾನೇ. ಆದ್ದರಿಂದ ಸ್ಕೂಟರಿನಲ್ಲಿ ಕತ್ರಿಗುಪ್ಪೆಯ ತನಕ ಹೋಗಿ, ಪೇಪರ್ ಪ್ಲೇಟು, ಲೋಟ ಮಾರುವ ಅಂಗಡಿಯ ಮುಂದೆ ಹೆಲ್ಮೆಟ್ ತೆಗೆಯದೆ ನಿಂತೆ.

"ಪ್ಲಾಸ್ಟಿಕ್ ಡಬ್ಬಿ ಇದೆಯಾ?" ಎಂದು ಪಿಸುಗುಟ್ಟಿದೆ.

"ಹೆಲ್ಮೆಟ್ ತೆಗೀರಿ ಸಾರ್, ಕೇಳಿಸ್ತಿಲ್ಲ."

"ಡಬ್ಬಿ! ಪ್ಲಾಸ್ಟಿಕ್ ಡಬ್ಬಿ!" ಎಂದು ಕೂಗಿದೆ. ಪಕ್ಕದ ಅಂಗಡಿಯವರೂ ತಿರುಗಿ ನೋಡಿದರು.

"ಬಿಡಿ ಕೊಡಲ್ಲ ಸಾರ್, ಪ್ಯಾಕೆಟ್ಟೇ ತಗೋಬೇಕು. ಕವರ್ ಬೇಕಾ?"

"ಬೇಡ, ನಾನು ಪ್ಲಾಸ್ಟಿಕ್ ಕವರ್ ಬಳಸೋದಿಲ್ಲ," ಎಂದೆ. ಅಭ್ಯಾಸಬಲ! ಅಂಗಡಿಯವನು ನನ್ನನ್ನೂ ನನ್ನ ತೋಳಿನಲ್ಲಿದ್ದ ಪ್ಯಾಕೆಟ್ಟನ್ನೂ ಬಹಳ ಹೊತ್ತು ನೋಡಿದ.

ಯೋಜನೆ ಸರಳವಾಗಿತ್ತು. ಒಂದು ಪ್ಲಾಸ್ಟಿಕ್ ಡಬ್ಬಿಗೆ ಕೋಸಂಬರಿ ತುಂಬಿದೆ. ಅದನ್ನು ಅವರ ಸ್ಟೀಲ್ ಡಬ್ಬಿಯೊಳಗಿಟ್ಟು ಕೆಳಗೆ ಕೊಟ್ಟೆ. "ಆಂಟಿ, ಒಳಗಿರೋದು ತಿಂದು ಬಿಸಾಕೋ ಡಬ್ಬಿ. ವಾಪಸ್ ಕೊಡೋದೇನೂ ಬೇಡ. ನಿಮ್ಮ ಹತ್ರ ಇರೋ ನಮ್ಮ ಸ್ಟೀಲ್ ಡಬ್ಬೀನೂ ಅಲ್ಲೇ ಇರ್ಲಿ," ಎಂದೆ. ಇನ್ನು ಈ ಮನೆಗೂ ಆ ಮನೆಗೂ ಯಾವ ಬಾಕಿಯೂ ಇಲ್ಲ! ಎಷ್ಟೋ ದಿನದ ಮೇಲೆ ಕಾಲು ಚಾಚಿ ಕೂತು ಪೇಪರ್ ಓದಿದೆ.

ಮಾರನೇ ಸಂಜೆ ಬೆಲ್ ಆಯಿತು. ಶೈಲಾ ಬಾಗಿಲು ತೆಗೆದಳು. ಗೌರಮ್ಮನವರ ಕೈಯಲ್ಲಿ ಅದೇ ಪ್ಲಾಸ್ಟಿಕ್ ಡಬ್ಬಿ. ತೊಳೆದು, ಒರೆಸಿ, ತುಂಬ ಕೊಬ್ಬರಿ ಮಿಠಾಯಿ.

"ಎಷ್ಟು ಗಟ್ಟಿಯಾಗೈತೆ ಡಬ್ಬಿ! ಬಿಸಾಕಕ್ಕೆ ಮನ್ಸೇ ಬರ್ಲಿಲ್ಲ. ಇನ್ನೊಂದೆರಡು ಇದ್ರೆ ಕೊಡಮ್ಮ, ಮಿಠಾಯಿ ಇನ್ನೂ ಉಳ್ಕೊಂಡೈತೆ."

ಶೈಲಾ ಡಬ್ಬಿಯನ್ನು ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ಇದು ಎಲ್ಲಿಂದ ಬಂತು ರೀ?"

ನಾನು ಪೇಪರನ್ನು ಮುಖದ ಮಟ್ಟಕ್ಕೆ ಏರಿಸಿದೆ. ಅವಳು ಕೆಳಗಿಳಿದು, ನಾನು ಸ್ಕೂಟರಿನ ಡಿಕ್ಕಿಯಲ್ಲಿ ಬಚ್ಚಿಟ್ಟಿದ್ದ ಉಳಿದ ಪ್ಯಾಕೆಟ್ಟನ್ನು ತಂದು ನನ್ನ ತೊಡೆಯ ಮೇಲಿಟ್ಟು ಒಳಗೆ ಹೋದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಆ ಮಿಠಾಯಿಯನ್ನು ನಾನು ಟ್ಯಾಂಕಿನ ಹಿಂದಕ್ಕೂ ಒಯ್ಯದೆ ಅಲ್ಲೇ ಕೂತು ತಿಂದೆ.

ಪರೀಕ್ಷೆಯ ದಿನ ಬಂತು. ಬೆಳಿಗ್ಗೆ ರಕ್ತ ತೆಗೆಯಲು ಲ್ಯಾಬಿನಿಂದ ಹುಡುಗಿ ಬಂದಳು. ಅಮ್ಮ ಕಣ್ಣು ಮುಚ್ಚಿ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದಳು. ಮುಗಿದ ಮೇಲೆ ಶೈಲಾ, "ಹೇಗಿದ್ರೂ ಬಂದಿದೀರ, ಇವರದ್ದೂ ಒಂದು ತಗೊಳ್ಳಿ," ಎಂದಳು. ನನಗೇನು ಭಯ? ತೋಳು ಚಾಚಿದೆ.

ಸಂಜೆ ಜಯನಗರದ ಡಾಕ್ಟರ ಎದುರು ಮೂವರೂ ಕೂತೆವು. ಡಾಕ್ಟರು ಮೊದಲ ರಿಪೋರ್ಟು ನೋಡಿ ನಕ್ಕರು.

"ಭೇಷ್ ಅಮ್ಮ! ತುಂಬಾ ಇಳಿದಿದೆ. ಇನ್ಸುಲಿನ್ ಬೇಡ, ಈಗಿನ ಮಾತ್ರೇನೇ ಸಾಕು."

ನಿಜ ಹೇಳುತ್ತೇನೆ, ನನಗೆ ಅಳುವೇ ಬಂತು. ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಇಷ್ಟು ದಿನದ ಒದ್ದಾಟ ಸಾರ್ಥಕವಾಯಿತು ಎಂದುಕೊಳ್ಳುವಷ್ಟರಲ್ಲಿ ಡಾಕ್ಟರು ಎರಡನೇ ಕಾಗದ ತೆಗೆದರು. ಅವರ ನಗು ನಿಂತಿತು. ಕನ್ನಡಕ ಟೇಬಲ್ಲಿನ ಮೇಲೆ ಇಳಿಯಿತು.

"ಇದು ಯಾರದ್ದು?"

ಶೈಲಾ ಬೆರಳು ತೋರಿಸಿದಳು.

"ಏನ್ರೀ ಸತೀಶ್, ಸಿಹಿ ತಿಂತೀರಾ?"

"ಇಲ್ಲ ಡಾಕ್ಟ್ರೇ, ಹಾಗೇನಿಲ್ಲ," ಎಂದೆ.

"ಸೊಪ್ಪಿನ ಪಲ್ಯ ತಿಂತಾನೆ," ಎಂದಳು ಅಮ್ಮ. "ದಿನಾ ತಾರಸಿ ಮೇಲೆ ಹೋಗಿ ಸೊಪ್ಪಿನ ಪಲ್ಯ ತಿಂದು ಬರ್ತಾನೆ. ಕೆಳಗೆ ಬಂದಾಗ ಮೀಸೆ ಮೇಲೆ ರವೆ ಇರುತ್ತೆ."

ಡಾಕ್ಟರು ಬಹಳ ಹೊತ್ತು ಬರೆದರು. ಅನ್ನ ಕಮ್ಮಿ, ಸಿಹಿ ಬಂದ್, ಬೆಳಿಗ್ಗೆ ಸಂಜೆ ನಡಿಗೆ, ಮಾತ್ರೆ. ವಾಪಸ್ ಬರುವಾಗ ಆಟೋದಲ್ಲಿ ಈ ಸಲ ನಾನು ಅಮ್ಮನ ಕೈ ಹಿಡಿದಿದ್ದೆ. "ಸುಮ್ನಿರೋ, ಸೂಜಿ ಏನೂ ಹಾಕಲ್ಲ," ಎಂದು ಅವಳು ನನ್ನ ಬೆನ್ನು ತಟ್ಟಿದಳು.

ಮನೆ ಸೇರಿ ಇನ್ನೂ ಚಪ್ಪಲಿ ಬಿಟ್ಟಿಲ್ಲ, ಬೆಲ್ ಆಯಿತು. ರೂಢಿಯಂತೆ ಎಲ್ಲರಿಗಿಂತ ಮೊದಲು ಬಾಗಿಲಿಗೆ ಹೊರಟೆ.

"ಕೂತ್ಕೋ," ಎಂದಳು ಅಮ್ಮ. ತಾನೇ ಬಾಗಿಲಿಗೆ ಹೋಗಿ, ಡಬ್ಬಿ ಇಸಕೊಂಡು, ಸೆರಗಿನ ಅಡಿ ಮುಚ್ಚಿಕೊಂಡು ಅಡುಗೆಮನೆಗೆ ನಡೆದಳು.

"ಏನು ಬಂತಮ್ಮ?" ಎಂದು ಕೂಗಿದೆ.

"ಸೊಪ್ಪಿನ ಪಲ್ಯ ಕಣೋ. ಉಪ್ಪು ಜಾಸ್ತಿ, ನಿನಗೆ ಬೇಡ."