ಬೆಂಡೆಕಾಯಿಯ ಕಾವಲು

ಡೆಟ್ರಾಯಿಟ್‌ನ ಶನಿವಾರದ ಸಂತೆಯಲ್ಲಿ ತರಕಾರಿ ಮಾರುವ ಹ್ಯಾಟಿ ಎಂಬ ರೈತ ಮಹಿಳೆ ತನ್ನ ಬೆಂಡೆಕಾಯಿ ಬುಟ್ಟಿಯ ಮೇಲೊಂದು ಚಿತ್ರ ತೂಗುಹಾಕಿದ್ದಳು: ಬೆಂಡೆಕಾಯಿಯ ತುದಿ ಮುರಿಯುತ್ತಿರುವ ಎರಡು ಬೆರಳು, ಅದರ ಮೇಲೆ ಅಡ್ಡಲಾಗಿ ಕೆಂಪು ಗೀಟು. ಅದನ್ನು ಕಂಡ ಶೇಷಾದ್ರಿಯವರು ಕೆನ್ನೆಗೆ ಏಟು ಬಿದ್ದವರಂತೆ ನಿಂತುಬಿಟ್ಟರು.

ಎಳೆಯದೋ ಬಲಿತದ್ದೋ ಎಂದು ತುದಿ ಮುರಿದು ನೋಡುವ ಚಾಳಿ ನಮ್ಮವರಿಗಲ್ಲದೆ ಆ ಸಂತೆಯಲ್ಲಿ ಇನ್ನಾರಿಗಿತ್ತು? ಮುರಿದದ್ದನ್ನು ಕೊಂಡರೆ ಆ ಮಾತು ಬೇರೆ. ಮುರಿದು, ಮರಳಿ ಬುಟ್ಟಿಗೇ ಹಾಕಿ, ಮುಂದಿನದಕ್ಕೆ ಕೈಹಾಕುವುದು ಯಾವ ಸೀಮೆಯ ನಾಗರಿಕತೆ? ಇನ್ನೊಂದು ಶನಿವಾರ ಹೀಗಾದರೆ ಭಾರತೀಯರಿಗೆ ಬೆಂಡೆಕಾಯಿ ಮಾರುವುದನ್ನೇ ನಿಲ್ಲಿಸುವುದಾಗಿ ಹ್ಯಾಟಿ ಹೇಳಿದಳು.

ಪಕ್ಕದ ಲಿವೋನಿಯಾದ ಕಾರ್ಖಾನೆಯಲ್ಲಿ ಹದಿನೈದು ವರ್ಷ ಬೋಲ್ಟುಗಳ ದೋಷ ಹುಡುಕಿದ ಶೇಷಾದ್ರಿಯವರಿಗೆ ಇದು ಇಡೀ ಸಮುದಾಯದ ಮಾನದ ಪ್ರಶ್ನೆಯಾಯಿತು. ತಪ್ಪಿತಸ್ಥರನ್ನು ತಾವೇ ಹಿಡಿದುಕೊಡುವುದಾಗಿ ಮಾತು ಕೊಟ್ಟರು. ಶಿಕ್ಷೆಯನ್ನೂ ತಾವೇ ಗೊತ್ತುಮಾಡಿದರು: ಅಪರಾಧಿಯ ಫೋಟೊ ಬೇಸಿಗೆ ಮುಗಿಯುವವರೆಗೆ ಆ ಚಿತ್ರದ ಪಕ್ಕದಲ್ಲೇ ತೂಗಬೇಕು.

ಮುಂದಿನ ಶನಿವಾರ ಬೆಳಗಿನ ಏಳಕ್ಕೇ ಹಾಜರಾದರು. ಕೊರಳಲ್ಲಿ ಆ ಕ್ಷಣವೇ ಫೋಟೊ ಉಗುಳುವ ಕ್ಯಾಮೆರಾ. ದಾರಿಯಲ್ಲಿ ಕಂಡ ಕಡಲೆಕಾಯಿ ಸಿಪ್ಪೆಯನ್ನೂ ಎತ್ತಿ ಹಿಂಜೇಬಿಗೆ ಹಾಕಿಕೊಂಡರು. ನೆಲದ ಮೇಲೆ ಕಸ ಅವರಿಗೆ ಸಹಿಸದು. ಬಳಿಕ ಬುಟ್ಟಿಗೆ ಬೆನ್ನು ಕೊಟ್ಟು, ಕೈಗಳನ್ನು ಹಿಂದಕ್ಕೆ ಕಟ್ಟಿ, ಪರೀಕ್ಷಾ ಕೊಠಡಿಯ ಮೇಲ್ವಿಚಾರಕರಂತೆ ಜನರನ್ನು ದಿಟ್ಟಿಸುತ್ತ ನಿಂತರು.

ಹತ್ತು ನಿಮಿಷದಲ್ಲೇ ‘ಟಕ್’ ಎಂದಿತು. ಗರ್ರನೆ ತಿರುಗಿದರೆ ಪಕ್ಕದೂರು ನಾರ್ತ್‌ವಿಲ್‌ನ ಪರಿಚಯದ ಹುಡುಗಿ ಗುಲ್‌ಶನ್, ಚಾಚಿದ ಕೈಯೊಂದಿಗೆ.

“ಏನಮ್ಮಾ, ಓದಿದವಳು ನೀನು. ನಿನಗೂ ಇದು ಬೇಕಿತ್ತಾ?”

ಆಕೆ ಚೀಲ ಬಗ್ಗಿಸಿ ತೋರಿಸಿದಳು. ಟೊಮೇಟೊ, ಜೋಳದ ತೆನೆ, ಅಷ್ಟೇ.

“ಅಂಕಲ್, ನಮ್ಮನೇಲಿ ಬೆಂಡೆಕಾಯಿ ಯಾರೂ ಮುಟ್ಟಲ್ಲ. ಬದನೆಕಾಯಿಗೆ ಹೋಗೋಣ ಅಂದ್ರೆ ನೀವು ಕಂಬದ ಥರ ಅಡ್ಡ ನಿಂತಿದೀರ.”

ಮತ್ತೆ ‘ಟಕ್’. ಈ ಸಲ ಬುಟ್ಟಿಯ ಬಳಿ ಇದ್ದದ್ದು ಮಗಳ ಮನೆಗೆಂದು ಗದಗಿನಿಂದ ಬಂದಿದ್ದ ಕಾಳಮ್ಮ. ಶೇಷಾದ್ರಿಯವರು ಕ್ಯಾಮೆರಾ ಎತ್ತಿಯೇಬಿಟ್ಟರು. ಎಪ್ಪತ್ತೈದರ ಆ ಮುದುಕಿ ತಣ್ಣಗೆ ಕೈ ಮುಂದೆ ಹಿಡಿದಳು.

“ಬಟ್ಟು ನೋಡೋ ತಮ್ಮಾ, ಸಂದಿ ನೋವಿಗೆ ಹ್ಯಾಂಗ ಸೊಟ್ಟಾಗ್ಯಾವ. ಹಪ್ಪಳಾ ಮುರೀಲಿಕ್ಕೂ ನನಗ ಮಗಳು ಬೇಕು.”

ಜನ ಸೇರಿದರು. ಶೇಷಾದ್ರಿಯವರು ಇನ್ನು ತಡೆಯಲಾರದೆ ಮತ್ತೆ ಬುಟ್ಟಿಗೆ ಬೆನ್ನು ಕೊಟ್ಟು, ಕೈಗಳನ್ನು ಹಿಂದಕ್ಕೆ ಕಟ್ಟಿ ಭಾಷಣಕ್ಕಿಳಿದರು. ಪರರ ಬೆವರನ್ನು ಗೌರವಿಸದವರು ಎಷ್ಟು ಡಿಗ್ರಿ ಪಡೆದರೇನು ಎಂದರು. ನಿರಪರಾಧಿಗಳೆಲ್ಲ ಕೈ ಎತ್ತಿ ನಿಲ್ಲಬೇಕೆಂದು ಆಜ್ಞಾಪಿಸಿದರು. ಗುಲ್‌ಶನ್ ಎತ್ತಿದಳು, ಕಾಳಮ್ಮ ಎತ್ತಿದಳು, ಕನ್ನಡ ಬಾರದೆ ಏನೂ ಅರ್ಥವಾಗದ ಹ್ಯಾಟಿಯೂ ಎತ್ತಿದಳು. ಎಲ್ಲರ ಕೈಗಳೂ ಗಾಳಿಯಲ್ಲಿದ್ದವು.

‘ಟಕ್.’

ಶೇಷಾದ್ರಿಯವರ ಮುಖ ಸುಣ್ಣದಂತೆ ಬಿಳಿಚಿತು.

“ಅಂಕಲ್,” ಎಂದಳು ಗುಲ್‌ಶನ್ ಮೆಲ್ಲಗೆ, “ನಿಮ್ದೂ ಎತ್ತಿ.”

ಅವರು ಎತ್ತಿದರು. ಬಲಗೈಯಲ್ಲಿ ತುದಿಯಿಲ್ಲದ ಬೆಂಡೆಕಾಯಿ. ಹಿಂಜೇಬು ಪೂರಿಯಂತೆ ಉಬ್ಬಿತ್ತು. ಒಳಗೆ ಕಡಲೆಕಾಯಿ ಸಿಪ್ಪೆಯ ಮೇಲೆ, ಸಂತೆಯ ಗದ್ದಲದಲ್ಲಿ ಕೇಳಿಸದೇ ಹೋದವೂ ಸೇರಿ, ಹಿಡಿ ತುಂಬ ಬೆಂಡೆಯ ತುದಿಗಳು. ಅವನ್ನು ನೆಲಕ್ಕೆ ಚೆಲ್ಲದಷ್ಟು ಶಿಸ್ತು ಆ ಬೆರಳುಗಳಿಗೆ ಇತ್ತು. ಬೇಸಿಗೆಯುದ್ದಕ್ಕೂ ಒಂದು ಶನಿವಾರವೂ ತಪ್ಪದೆ ಬಂದವರು ಇವರೇ ಎಂಬುದು ಹ್ಯಾಟಿಗೆ ಆಗ ನೆನಪಾಯಿತು.

ಗುಲ್‌ಶನ್ ಅವರ ಕೊರಳಿನಿಂದ ಕ್ಯಾಮೆರಾ ಬಿಡಿಸಿಕೊಂಡಳು. ಅವರನ್ನು ಬುಟ್ಟಿಯ ಪಕ್ಕ ನಿಲ್ಲಿಸಿದಳು.

“ನೆಟ್ಟಗ ನಿಂದ್ರು ತಮ್ಮಾ,” ಎಂದಳು ಕಾಳಮ್ಮ. “ಕೈ ಕಾಣಂಗ ಇರ್ಲಿ.”

ಬೆಳಕು ಮಿಂಚಿತು. ಹ್ಯಾಟಿ ತೂಗುಹಾಕಿದ ಫೋಟೊದಲ್ಲಿ ಚಿತ್ರ ನಿಧಾನವಾಗಿ ಮೂಡತೊಡಗಿತು: ಮೊದಲು ಬೋಳುತಲೆ, ಆಮೇಲೆ ತಗ್ಗಿದ ಕಣ್ಣುಗಳು, ಕೊನೆಗೆ ಬಲಗೈಯ ಎರಡು ಬೆರಳುಗಳ ನಡುವೆ, ಆಗತಾನೇ ತುದಿ ಮುರಿದ ಇನ್ನೊಂದು ಬೆಂಡೆಕಾಯಿ.